ಕಾಣದ ನೀರು, ಕಾಯಬೇಕಾದ ನೀರು

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯಲ್ಲಿ, ಬಂಡೀಪುರದ ಕಾಡಿಗೆ ಅಂಟಿಕೊಂಡಂತೆ ಮದ್ದೂರು ಎಂಬ ಹಳ್ಳಿಯಿದೆ. ವಾಚಕರು ಇದನ್ನು ಮಂಡ್ಯ ಜಿಲ್ಲೆಯ ಮದ್ದೂರೆಂದು ತಿಳಿಯಬಾರದು. ಮುಂಗಾರಿನಲ್ಲಿ ಈ ಸೀಮೆಯ ಆಕಾಶದಲ್ಲಿ ಮೋಡಗಳಿಗೆ ಕೊರತೆಯಿಲ್ಲ. ನೆಲಕ್ಕೆ ಬೀಳುವ ಮಳೆಗೆ ಮಾತ್ರ ಕೊರತೆ. ಗಡಿಯಾಚೆಯ ವಯನಾಡಿನಲ್ಲಿ ಹಳ್ಳಕೊಳ್ಳಗಳು ಉಕ್ಕುತ್ತಿರುವಾಗ ಗುಂಡ್ಲುಪೇಟೆಯ ರೈತನು ಬಿತ್ತನೆಯ ಹದಕ್ಕಾಗಿ ಕಾದಿರುತ್ತಾನೆ.

ಇದು ದೈವದ ಮುನಿಸಲ್ಲ, ವಾಯುವಿನ ಧರ್ಮ. ಅರಬ್ಬೀ ಸಮುದ್ರದಿಂದ ನೀರಾವಿಯನ್ನು ಹೊತ್ತು ಬರುವ ಗಾಳಿಯು ಘಟ್ಟವನ್ನೇರುವಾಗ ತಣಿದು, ಆವಿಯು ಹನಿಗೂಡಿ, ಮಳೆಯಾಗಿ ಸುರಿಯುತ್ತದೆ. ಘಟ್ಟ ದಾಟಿ ಪೂರ್ವಕ್ಕೆ ಇಳಿಯುವ ಗಾಳಿಯು ಮತ್ತೆ ಕಾಯುತ್ತದೆ. ಉಳಿದ ಹನಿಗಳೂ ಕರಗಿ ಕಣ್ಣಿಗೆ ಕಾಣದ ಆವಿಯಾಗುತ್ತವೆ. ಹತ್ತಿರದಲ್ಲೇ 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟವು ಮಂಜಿನಲ್ಲಿ ಮುಳುಗಿರುವಾಗ ಬುಡದ ಬಯಲು ಒಣಗಿರುವುದಕ್ಕೂ ಈ ತಣಿವಿನ ಭೇದವೇ ಕಾರಣ.

ಭೂಮಂಡಲದ ವಾಯುವಿನಲ್ಲಿರುವ ಆವಿಯೆಲ್ಲವೂ ಒಮ್ಮೆಗೇ ನೀರಾಗಿ ಬಿದ್ದರೆ ಸರಾಸರಿ 25 ಮಿಲಿಮೀಟರ್, ಎಂದರೆ ಸುಮಾರು ಒಂದು ಅಂಗುಲ ಮಾತ್ರ ಆಗುತ್ತದೆ. ಸುಮಾರು ಒಂಬತ್ತು ಹತ್ತು ದಿನಗಳಿಗೊಮ್ಮೆ ಅದು ಬದಲಾಗುತ್ತಿರುತ್ತದೆ. ವಾಯುವಿನ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ತಾಳಬಲ್ಲ ಆವಿ ಶೇಕಡಾ 7ರಷ್ಟು ಹೆಚ್ಚುತ್ತದೆ. ಭೂಮಿ ಕಾಯುತ್ತಿರುವ ಈ ಕಾಲದಲ್ಲಿ ಇದರ ಅರ್ಥವಿಷ್ಟೆ: ಮಳೆ ಬಂದಾಗ ಒಮ್ಮೆಗೇ ಸುರಿದೀತು; ಬಾರದಿದ್ದಾಗ ಬಾಯಾರಿದ ಗಾಳಿಯು ಕೆರೆಯನ್ನೂ ಹೊಲವನ್ನೂ ಇನ್ನಷ್ಟು ಬೇಗ ಹೀರೀತು.

2017ರಲ್ಲಿ ರಾಜ್ಯ ಸರ್ಕಾರವು ವಿಮಾನಗಳಿಂದ ಮೋಡಬಿತ್ತನೆ ಮಾಡಿಸಿತು. ಬಿತ್ತನೆಯು ಇರುವ ಮೋಡವನ್ನು ಪ್ರೇರಿಸಬಹುದೇ ಹೊರತು ಇಲ್ಲದ ಮೋಡವನ್ನು ಸೃಷ್ಟಿಸಲಾರದು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಉರಿದಾಗ ವಾಯುಸೇನೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು. ಬೆಂಕಿ ಬಿದ್ದಾಗ ಬಾವಿ ತೋಡುವ ಈ ಪದ್ಧತಿಯನ್ನು ಇನ್ನೆಷ್ಟು ಕಾಲ ನಡೆಸುವುದು? ಆಕಾಶದಿಂದ ಉಪಾಯ ಹುಡುಕುವ ಮೊದಲು ನೆಲವನ್ನು ನೋಡಬಾರದೆ?

ಕಾಡು ನೆಲಕ್ಕೆ ನೆರಳಾಗಿ ತೇವವನ್ನು ಕಾಪಾಡುತ್ತದೆ. ಬೆಟ್ಟದ ಮರಗಳು ಮಂಜನ್ನು ಎಲೆಗಳಲ್ಲಿ ಹಿಡಿದು ಹನಿಯಾಗಿ ಬೇರಿಗೆ ಇಳಿಸುತ್ತವೆ. ಸುಟ್ಟು ಬೋಳಾದ ಇಳಿಜಾರಿನಲ್ಲಿ ಬಿದ್ದ ಮಳೆಯಾದರೋ ಮಣ್ಣನ್ನು ಕೊಚ್ಚಿಕೊಂಡು ಓಡಿಹೋಗುತ್ತದೆ. ಆದಕಾರಣ ಬೇಸಗೆಗೆ ಮುಂಚೆಯೇ ಬೆಂಕಿರೇಖೆಗಳನ್ನು ಸವರಿ, ಕಾವಲುಗಾರರಿಗೆ ಸಕಾಲದಲ್ಲಿ ಸಂಬಳ ಕೊಟ್ಟು, ಮಳೆಗೆ ಮೊದಲೇ ಕೆರೆಗಳ ಹೂಳನ್ನೆತ್ತಿಸುವುದು ಸರ್ಕಾರದ ಕರ್ತವ್ಯ. ಕಾಡಂಚಿನ ಗ್ರಾಮಸ್ಥರಾದರೂ ಕಿಡಿ ಬೀಳದಂತೆ ಎಚ್ಚರವಹಿಸಿ, ಕೆರೆಯಂಗಳವನ್ನು ಒತ್ತುವರಿಗೆ ಬಿಡದೆ ತಮ್ಮ ಪಾಲನ್ನು ಸಲ್ಲಿಸಬೇಕು. ಗಾಳಿಯ ದಾರಿಯನ್ನು ತಿರುಗಿಸುವುದು ನಮ್ಮ ಕೈಯಲ್ಲಿಲ್ಲ. ಅದು ಬಿಟ್ಟುಹೋದ ಹನಿಯನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ.