ಹಾಡು ಬೇಕು, ಹಾಡುಗಾರನ ಮಾತು ಬೇಡ



ಇವತ್ತು ಏಪ್ರಿಲ್ 9. ಪಾಲ್ ರೋಬ್ಸನ್ ಹುಟ್ಟಿದ ದಿನ. ಮಧ್ಯಾಹ್ನ ಊಟದ ಹೊತ್ತಲ್ಲಿ ಮೊಬೈಲಿನಲ್ಲಿ ಅವರ ಮಿಸಿಸಿಪ್ಪಿ ನದಿಯ ಹಾಡು ಹಾಕ್ಕೊಂಡು ಕೂತಿದ್ದೆ. ಪಕ್ಕದ ಟೇಬಲ್‌ನ ಹಿರಿಯರೊಬ್ಬರು, ಸಂಗೀತ ಬಲ್ಲವರು, ಡಬ್ಬಿ ಹಿಡಕೊಂಡೇ ಎದ್ದು ಬಂದ್ರು. "ಎಂಥಾ ಕಂಠ ಕಣ್ರೀ ಇದು! ಯಾರದು?" ಹೇಳಿದೆ. ಅವರ ಕಥೆಯನ್ನೂ ನಾಲ್ಕು ಮಾತಲ್ಲಿ ಹೇಳಿದೆ. ಅವರ ಮುಖ ಸಪ್ಪಗಾಯ್ತು. "ಅಯ್ಯೋ, ರಾಜಕೀಯಕ್ಕೆ ಹೋಗಿ ಹಾಳು ಮಾಡ್ಕೊಂಡ್ರಲ್ಲಾ. ಕಲಾವಿದ ಅಂದ್ರೆ ಕಲೆ ನೋಡ್ಕೊಂಡು ಇರಬೇಕು" ಅಂದ್ರು.

ಅವರಿಗೆ ಅಲ್ಲೇ ಉತ್ತರ ಕೊಡೋಕೆ ಆಗಲಿಲ್ಲ, ಸಾಹೇಬ್ರು ಕರೆದ್ರು. ಅದಕ್ಕೇ ಇಲ್ಲಿ ಬರೀತಿದೀನಿ. ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಹಾಳು ಮಾಡ್ಕೊಂಡಿದ್ದಲ್ಲ ಸ್ವಾಮಿ, ಹಾಳು ಮಾಡಿದ್ದು. ಮಾಡಿದವರಿಗೆ ಇಲಾಖೆ ಇತ್ತು, ಸೀಲು ಇತ್ತು, ಕಡತ ಇತ್ತು. ಇಪ್ಪತ್ತು ವರ್ಷದಿಂದ ಕಡತ ಹೊತ್ತವನು ನಾನು. ಒಬ್ಬ ಮನುಷ್ಯನನ್ನ ಜೈಲಿಗೆ ಹಾಕದೇನೇ ಹೇಗೆ ಇಲ್ಲವಾಗಿಸಬಹುದು ಅಂತ ನನಗೆ ಯಾರೂ ಪಾಠ ಮಾಡಬೇಕಿಲ್ಲ. "ಪರಿಶೀಲನೆಯಲ್ಲಿದೆ" ಅನ್ನೋ ಒಂದು ಷರಾ ಸಾಕು.

ಯಾರು ಈ ರೋಬ್ಸನ್? ಅಪ್ಪ ಗುಲಾಮನಾಗಿ ಹುಟ್ಟಿ, ಹದಿನೈದನೇ ವಯಸ್ಸಿಗೆ ತಪ್ಪಿಸಿಕೊಂಡು ಓಡಿ ಬಂದು ಪಾದ್ರಿ ಆದವರು. ಮಗನಿಗೆ ಆರು ವರ್ಷ ತುಂಬುವ ಮುಂಚೆಯೇ ತಾಯಿ ಬೆಂಕಿ ಅನಾಹುತದಲ್ಲಿ ತೀರಿಕೊಂಡ್ರು. ಹುಡುಗ ಸ್ಕಾಲರ್‌ಶಿಪ್ ಪಡೆದು ರಟ್ಗರ್ಸ್ ಕಾಲೇಜು ಸೇರಿದ. ಫುಟ್ಬಾಲ್ ತಂಡಕ್ಕೆ ಸೇರೋಕೆ ಹೋದಾಗ ಅದೇ ಕಾಲೇಜಿನ ಬಿಳಿ ಹುಡುಗರು ಮೂಗು ಮುರಿದ್ರು, ಅಂಗೈ ತುಳಿದ್ರು. ಅದೇ ತಂಡದಲ್ಲಿ ಆಡಿ ದೇಶದ ಅತ್ಯುತ್ತಮ ಆಟಗಾರರ ಪಟ್ಟಿಗೆ ಎರಡು ಸಲ ಬಂದ. ಆಮೇಲೆ ಕೊಲಂಬಿಯಾದಲ್ಲಿ ಕಾನೂನು ಪದವಿ, 1923ರಲ್ಲಿ. ವಕೀಲರ ಆಫೀಸಿಗೆ ಕೆಲಸಕ್ಕೆ ಸೇರಿದ್ರೆ ಬಿಳಿ ಸ್ಟೆನೋ ಒಬ್ಬಳು ಕರಿಯ ಹೇಳಿದ್ದನ್ನ ನಾನು ಬರ್ಕೊಳ್ಳಲ್ಲ ಅಂದಳು. ವಕೀಲಿಕೆ ಅಲ್ಲಿಗೆ ಮುಗೀತು.

ಈ ಸ್ಟೆನೋ ನಮಗೆ ಹೊಸಬಳಲ್ಲ. ಅದೇ ಕೊಲಂಬಿಯಾದಲ್ಲಿ ಕೆಲವೇ ವರ್ಷ ಮುಂಚೆ ಓದಿ ಬಂದ ಬಾಬಾಸಾಹೇಬರ ಟೇಬಲ್ ಮೇಲೆ ಬರೋಡಾದ ಜವಾನರು ಕಡತಗಳನ್ನ ದೂರದಿಂದ ಎಸೀತಿದ್ರಲ್ಲ, ಅವರ ಬಳಗದವಳೇ.

ಆಫೀಸಿನ ಬಾಗಿಲು ಮುಚ್ಚಿದ್ದಕ್ಕೆ ರಂಗಭೂಮಿ, ಹಾಡು. ಅಲ್ಲಿಂದ ಮುಂದೆ ಇಡೀ ಲೋಕ ಕೇಳ್ತು. 1943ರಲ್ಲಿ ಬ್ರಾಡ್‌ವೇನಲ್ಲಿ ಒಥೆಲೋ ಆಗಿ 296 ಪ್ರದರ್ಶನ ಕೊಟ್ಟರು. ಅಲ್ಲಿಯ ತನಕ ತಲೆ ಬಾಗಿಸಿ ಹಾಡಿದ್ರೆ ಎಲ್ಲರಿಗೂ ಇಷ್ಟವೇ. ಇವರು ತಲೆ ಎತ್ತಿದ್ರು, ತೊಂದರೆ ಅಲ್ಲಿ ಶುರುವಾಯ್ತು.

ನನ್ನ ಸಹೋದ್ಯೋಗಿ ಹಿರಿಯರು ಮೆಚ್ಚಿದ ಆ ನದಿಯ ಹಾಡನ್ನೇ ತಗೊಳ್ಳಿ. ಅದು ಬಿಳಿಯರು ಬರೆದ ನಾಟಕದ ಹಾಡು, ಬಂದರಿನಲ್ಲಿ ಮೂಟೆ ಹೊರುವ ಕರಿಯನ ಬಾಯಿಗೆ ಹಾಕಿದ್ದು. ದಣಿದು ಸೋತವನ ನಿಟ್ಟುಸಿರು. ರೋಬ್ಸನ್ ವರ್ಷಗಳ ಮೇಲೆ ಅದನ್ನ ಹಾಡ್ತಾ ಹಾಡ್ತಾ ಮಾತುಗಳನ್ನೇ ಬದಲಿಸಿಬಿಟ್ಟರು. ಅಳುವ ಕಡೆ ಹೋರಾಟದ ಮಾತು ತಂದ್ರು. ಅಂದ್ರೆ ನಿಮ್ಮ ಕಣ್ಣಲ್ಲಿ ನೀರು ತರಿಸಿದ ಆ ಹಾಡಿನ ಒಳಗೇ ರಾಜಕೀಯ ಕೂತಿದೆ ಸಾರ್. ಇನ್ನೊಂದು ಮಾತು: ಕೊಲಂಬಿಯಾದಲ್ಲಿ ಓದೋಕೆ ಹೋಗಿದ್ದ ಅಸ್ಸಾಮಿನ ಭೂಪೇನ್ ಹಜಾರಿಕಾ ರೋಬ್ಸನ್ ಅವರ ಒಡನಾಟಕ್ಕೆ ಬಂದು, ಆ ಮಿಸಿಸಿಪ್ಪಿಯನ್ನೇ ನಮ್ಮ ನೆಲಕ್ಕೆ ಹರಿಸಿದ್ರು. "ಗಂಗಾ ಬೆಹ್ತೀ ಹೋ ಕ್ಯೂಂ" ಅಂತ ಕಾರ್ಯಕ್ರಮಗಳಲ್ಲಿ ಹಾಕಿ ತಲೆದೂಗ್ತಾರಲ್ಲ, ಅದರ ಮೂಲ ಇಲ್ಲಿದೆ.

ಇನ್ನು ಕಡತದ ವಿಷಯಕ್ಕೆ ಬರ್ತೀನಿ.

1946ರಲ್ಲಿ ಕರಿಯರನ್ನ ಮರಕ್ಕೆ ನೇತು ಹಾಕಿ ಕೊಲ್ಲೋದು ನಿಲ್ಲಿಸಿ ಅಂತ ಅಧ್ಯಕ್ಷ ಟ್ರೂಮನ್ ಹತ್ರ ನಿಯೋಗ ಕರ್ಕೊಂಡು ಹೋದ್ರು. 1949ರ ಏಪ್ರಿಲ್‌ನಲ್ಲಿ ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲಿ ಆಡಿದ ಮಾತನ್ನ ಸುದ್ದಿಸಂಸ್ಥೆ ತಿರುಚಿ ಕಳಿಸಿತು. ದೇಶದ್ರೋಹಿ ಅನ್ನೋ ಪಟ್ಟ ಬಂತು. ಆ ವರ್ಷ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಹತ್ತಿರ ಪೀಕ್‌ಸ್ಕಿಲ್‌ನಲ್ಲಿ ಅವರ ಹಾಡಿನ ಸಭೆ. ಮೊದಲನೇ ಸಲ ದೊಂಬಿ ಮಾಡಿ ನಿಲ್ಲಿಸಿದ್ರು. ಎರಡನೇ ಸಲ ಕಾರ್ಮಿಕ ಸಂಘದವರು ಮೈದಾನದ ಸುತ್ತ ಹೆಗಲಿಗೆ ಹೆಗಲು ಕೊಟ್ಟು ಗೋಡೆ ಆಗಿ ನಿಂತ್ರು, ಸಾವಿರಾರು ಜನ ಕೇಳಿದ್ರು. ಮನೆಗೆ ಹಿಂತಿರುಗುವಾಗ ಬಸ್ಸು ಕಾರುಗಳ ಮೇಲೆ ಕಲ್ಲಿನ ಮಳೆ. 140ಕ್ಕೂ ಹೆಚ್ಚು ಜನಕ್ಕೆ ಗಾಯ. ಪೊಲೀಸರು? ನಿಂತು ನೋಡಿದ್ರು. ಕೆಲವರು ತಾವೂ ಲಾಠಿ ಬೀಸಿದ್ರು. ಕಂಬಾಲಪಲ್ಲಿ ಜಿಲ್ಲೆಯವನು ನಾನು, ಪೊಲೀಸರು ನಿಂತು ನೋಡೋದು ಅಂದ್ರೆ ಏನು ಅಂತ ನನಗೆ ವಿವರಿಸಬೇಡಿ.

1950ರಲ್ಲಿ ಪಾಸ್‌ಪೋರ್ಟ್ ರದ್ದು. ಟಿವಿಯಿಂದ ಹೊರಗೆ. ದೊಡ್ಡ ಸಭಾಂಗಣ ಯಾವುದೂ ಸಿಗದ ಹಾಗಾಯ್ತು. ಫುಟ್ಬಾಲ್ ಪಟ್ಟಿಯಿಂದಲೂ ಹೆಸರು ತೆಗೆದ್ರು! ಮೂವತ್ತು ವರ್ಷ ಹಿಂದೆ ಆಡಿ ಮುಗಿಸಿದ ಆಟ. 1947ರಲ್ಲಿ ವರ್ಷಕ್ಕೆ ಲಕ್ಷ ಡಾಲರ್ ದಾಟಿದ್ದ ಆದಾಯ ಐದೇ ವರ್ಷದಲ್ಲಿ ಆರು ಸಾವಿರದ ಹತ್ತಿರ ಇಳೀತು. ಕಮ್ಯುನಿಸ್ಟ್ ಅಲ್ಲ ಅಂತ ಅಫಿಡವಿಟ್ ಬರೆದುಕೊಡಿ, ಪಾಸ್‌ಪೋರ್ಟ್ ಕೊಡ್ತೀವಿ ಅಂದ್ರು. ಒಂದು ಸಹಿ ಅಷ್ಟೇ. ನನ್ನ ನಂಬಿಕೆ ಕೇಳೋಕೆ ನೀವ್ಯಾರು ಅಂತ ಸಹಿ ಹಾಕಲಿಲ್ಲ. ಎಂಟು ವರ್ಷ.

ನನಗೆ ಇಡೀ ಕಥೆಯಲ್ಲಿ ಕಣ್ಣಿಗೆ ಹೊಡೆದಿದ್ದು ಒಂದು ವಾದ. ಪಾಸ್‌ಪೋರ್ಟ್ ಯಾಕೆ ಕೊಡಲ್ಲ ಅಂತ ಸರ್ಕಾರದವರು ಕೋರ್ಟಿಗೆ ಹೇಳಿದ್ದೇನು ಗೊತ್ತಾ? ಈ ಮನುಷ್ಯ ಆಫ್ರಿಕಾದ ವಸಾಹತುಗಳ ಸ್ವಾತಂತ್ರ್ಯಕ್ಕೆ ಕೆಲಸ ಮಾಡ್ತಾನೆ; ಮತ್ತೆ ಕರಿಯರ ಸ್ಥಿತಿಗತಿಯನ್ನ ಹೊರದೇಶದಲ್ಲಿ ಟೀಕಿಸ್ತಾನೆ, ಅದು ನಮ್ಮ ಮನೆ ವಿಷಯ, ಬೇರೆಯವರ ಮುಂದೆ ಆಡೋದಲ್ಲ.

ಮನೆ ವಿಷಯ! ಈ ಮಾತು ಎಲ್ಲಿ ಕೇಳಿದ್ದೆ ಅಂತ ಯೋಚಿಸಿದೆ. 2001, ಡರ್ಬನ್. ವಿಶ್ವಸಂಸ್ಥೆಯ ಜನಾಂಗಭೇದ ವಿರೋಧಿ ಸಮ್ಮೇಳನಕ್ಕೆ ನಮ್ಮ ದಲಿತ ಸಂಘಟನೆಗಳವರು ಜಾತಿಯ ಪ್ರಶ್ನೆ ಹೊತ್ತು ಹೋದಾಗ ಭಾರತ ಸರ್ಕಾರ ಹೇಳಿದ್ದೂ ಅದನ್ನೇ: ಇದು ನಮ್ಮ ಆಂತರಿಕ ವಿಷಯ. ತಮಾಷೆ ಏನು ಅಂದ್ರೆ, 1958ರಲ್ಲಿ ರೋಬ್ಸನ್ ಅವರ 60ನೇ ಹುಟ್ಟುಹಬ್ಬ ಆಚರಿಸೋಕೆ ಭಾರತದಲ್ಲಿ ಸಮಿತಿ ಆಗಿತ್ತು, ನೆಹರು ಮೆಚ್ಚಿ ಹೇಳಿಕೆ ಕೊಟ್ಟಿದ್ರು, ಅಮೆರಿಕದ ಅಧಿಕಾರಿಗಳು ಸಿಟ್ಟಾಗಿ ಅದನ್ನ ತಣ್ಣಗಾಗಿಸೋಕೆ ಓಡಾಡಿದ್ರು. ಅಲ್ಲಿಯ ಅಸ್ಪೃಶ್ಯನಿಗೆ ಇಲ್ಲಿ ಹಾರ. ಇಲ್ಲಿಯವನ ಸುದ್ದಿ ಮಾತ್ರ ಮನೆ ದಾಟಬಾರದು.

ಮನೆ ದಾಟಿಸಲೇಬೇಕು ಅಂತ ಬಾಬಾಸಾಹೇಬರಿಗೆ ಗೊತ್ತಿತ್ತು. 1946ರಲ್ಲಿ ಅಮೆರಿಕದ ಕರಿಯರು ವಿಶ್ವಸಂಸ್ಥೆಗೆ ಮನವಿ ಕೊಟ್ಟ ಸುದ್ದಿ ನೋಡಿ, ಅದರ ಪ್ರತಿ ಕಳಿಸಿ ಅಂತ ಡುಬೋಯಿಸ್ ಅವರಿಗೆ ಪತ್ರ ಬರೆದ್ರು. ಆ ಡುಬೋಯಿಸ್ ರೋಬ್ಸನ್ ಅವರ ಹಿರಿಯ ಸಂಗಾತಿ. 1951ರ ಡಿಸೆಂಬರ್‌ನಲ್ಲಿ ಕರಿಯರ ಮೇಲೆ ನಡೀತಿರೋದು ನರಮೇಧ ಅಂತ ಇನ್ನೊಂದು ಮನವಿ ವಿಶ್ವಸಂಸ್ಥೆಗೆ ಹೋಯ್ತು. ನ್ಯೂಯಾರ್ಕ್‌ನಲ್ಲಿ ಅದನ್ನ ಕೈಯಾರೆ ಕೊಟ್ಟವರು ರೋಬ್ಸನ್. ಪ್ಯಾರಿಸ್‌ಗೆ ಹೋಗೋಕೆ ಪಾಸ್‌ಪೋರ್ಟ್ ಇರಲಿಲ್ಲವಲ್ಲ.

ಈಗ ನಮ್ಮೊಳಗಿನ ಮಾತು. ರೋಬ್ಸನ್ ಅವರನ್ನ ಹೊಡೆಯೋಕೆ ಬಿಳಿಯರ ಕೈ ಮಾತ್ರ ಸಾಲಲಿಲ್ಲ. 1949ರ ಜುಲೈನಲ್ಲಿ ಸಂಸತ್ತಿನ ವಿಚಾರಣಾ ಸಮಿತಿ ಅವರ ವಿರುದ್ಧ ಮಾತಾಡೋಕೆ ಕರೆಸಿದ್ದು ಬೇಸ್‌ಬಾಲ್‌ನ ಜಾಕಿ ರಾಬಿನ್ಸನ್ ಅವರನ್ನ. ಕರಿಯರಿಗೆ ಮುಚ್ಚಿದ್ದ ಆ ಆಟದ ಬಾಗಿಲು ಒಳಗೆ ಹೋದ ಧೀರ. ಅದೇ ಬಾಗಿಲು ತೆರೀರಿ ಅಂತ 1943ರಲ್ಲಿ ಬೇಸ್‌ಬಾಲ್ ದೊರೆಗಳ ಮುಂದೆ ಹೋಗಿ ಕೇಳಿದವರಲ್ಲಿ ರೋಬ್ಸನ್ ಇದ್ದರು! ಪತ್ರಕರ್ತರು ಬಂದು ಕೆಣಕಿದ್ರು. ರೋಬ್ಸನ್ ಜಗಳಕ್ಕೆ ಇಳಿಯಲಿಲ್ಲ, ಆ ಹುಡುಗನ ಮೇಲೆ ನನಗೆ ಗೌರವ ಇದೆ ಅನ್ನೋ ಮಾತೇ ಆಡಿದ್ರು. ರಾಬಿನ್ಸನ್ ಕೊನೆಗಾಲದಲ್ಲಿ ಆತ್ಮಕಥೆಯಲ್ಲಿ ಅದಕ್ಕೆ ನೊಂದುಕೊಂಡು ಬರೆದರು. ನಮ್ಮಲ್ಲಿ ಬಣಕ್ಕೆ ಬಣ ಕಿತ್ತಾಡುವಾಗ, ವೇದಿಕೆ ಸಿಕ್ಕ ತಕ್ಷಣ ನಮ್ಮವನನ್ನೇ ಹಣಿಯುವಾಗ, ನನಗೆ ಇದು ನೆನಪಾಗುತ್ತೆ. ನಾನೂ ಹಣಿದಿದೀನಿ. ಆ ಪೋಸ್ಟುಗಳು ಇಲ್ಲೇ ಇವೆ, ತೆಗೆದಿಲ್ಲ.

ರೋಬ್ಸನ್ ತಪ್ಪೇ ಮಾಡಲಿಲ್ವಾ? ಮಾಡಿದ್ರು. ಸೋವಿಯತ್ ದೇಶದಲ್ಲಿ ತನ್ನನ್ನ ಮೊದಲ ಸಲ ಮನುಷ್ಯನಂತೆ ನೋಡಿದ್ರು ಅನ್ನೋ ಋಣಕ್ಕೆ ಅಲ್ಲಿನ ಕ್ರೌರ್ಯದ ಬಗ್ಗೆ ಹೊರಗೆ ಬಾಯಿ ಬಿಡಲಿಲ್ಲ. 1949ರಲ್ಲಿ ಮಾಸ್ಕೋದಲ್ಲಿ ಬಂಧನದಲ್ಲಿದ್ದ ಯಹೂದಿ ಕವಿ ಇಟ್ಸಿಕ್ ಫೆಫರ್ ಅವರನ್ನ ಕಂಡು ಬಂದ್ರು. ವೇದಿಕೆಯಲ್ಲಿ ಯಹೂದಿ ಪ್ರತಿರೋಧದ ಹಾಡು ಹಾಡಿದ್ರು. ಅಮೆರಿಕಕ್ಕೆ ಬಂದ ಮೇಲೆ ಸುಮ್ಮನಾದ್ರು. 1952ರಲ್ಲಿ ಫೆಫರ್ ಅವರನ್ನ ಕೊಂದ್ರು. ಅದೇ ವರ್ಷದ ಸ್ಟಾಲಿನ್ ಶಾಂತಿ ಪ್ರಶಸ್ತಿ ರೋಬ್ಸನ್ ಅವರಿಗೆ. ನನಗೆ ಇದು ಗಂಟಲಲ್ಲಿ ಇಳಿಯಲ್ಲ, ಇಳಿಸ್ಕೊಳ್ಳಿ ಅಂತ ನಿಮಗೂ ಹೇಳಲ್ಲ. ಆದ್ರೆ ಅವರ ಬಾಯಿ ಮುಚ್ಚಿಸಿದ ಬಿಳಿಯರಿಗೆ ಫೆಫರ್ ಮೇಲೆ ಕಣ್ಣೀರು ಇರಲಿಲ್ಲ. ಅವರ ಸಿಟ್ಟು ಇದ್ದದ್ದು ಮಿಸಿಸಿಪ್ಪಿಯ ಬಗ್ಗೆ ಮಾತಾಡಿದ್ದಕ್ಕೆ.

1956ರಲ್ಲಿ ಅದೇ ಸಮಿತಿ, ರಷ್ಯಾ ಅಷ್ಟು ಇಷ್ಟ ಇದ್ರೆ ಅಲ್ಲೇ ಯಾಕೆ ಉಳೀಲಿಲ್ಲ ಅಂತ ಕೇಳ್ತು. ನಮಗೆ ಪಾಕಿಸ್ತಾನಕ್ಕೆ ಹೋಗಿ ಅಂತಾರಲ್ಲ, ಹಾಗೆ. ನನ್ನಪ್ಪ ಗುಲಾಮ, ನನ್ನ ಜನ ಸತ್ತು ಈ ದೇಶ ಕಟ್ಟಿದ್ದಾರೆ, ಇದರಲ್ಲಿ ನನ್ನ ಪಾಲಿದೆ, ಇಲ್ಲೇ ಇರ್ತೀನಿ ಅನ್ನೋ ಅರ್ಥದ ಉತ್ತರ ಅವರ ಮುಖಕ್ಕೇ ಹೇಳಿ ಬಂದ್ರು.

ನನಗೆ ತುಂಬ ಇಷ್ಟವಾದ ಘಟನೆ 1957ರದ್ದು. ಬ್ರಿಟನ್ನಿನ ವೇಲ್ಸ್ ಗಣಿ ಕಾರ್ಮಿಕರು ತಮ್ಮ ಹಾಡಿನ ಹಬ್ಬಕ್ಕೆ ಕರೆದಿದ್ರು. ಹೋಗೋ ಹಾಗಿಲ್ಲ. ನ್ಯೂಯಾರ್ಕ್‌ನಲ್ಲಿ ಕೂತು, ಸಮುದ್ರದಡಿಯ ಟೆಲಿಫೋನ್ ತಂತಿಯಲ್ಲಿ ಹಾಡಿದ್ರು. ಪೋರ್ತ್‌ಕಾಲ್‌ನ ಸಭಾಂಗಣದಲ್ಲಿ ಸಾವಿರಾರು ಗಣಿಯವರು ಕೇಳಿ, ತಿರುಗಿ ಅವರಿಗೆ ಹಾಡಿದ್ರು. ನಮ್ಮ ತಾತ ಕೆಜಿಎಫ್‌ನಲ್ಲಿ ಚಾಂಪಿಯನ್ ರೀಫ್ ಒಳಗೆ ಇಳೀತಿದ್ದವರು. ಮೇಲೆ ಬಂದಾಗ ಚಿನ್ನ ಕದ್ದಿದಾರಾ ಅಂತ ಮೈ ತಡಕೋರು, ಕೊನೆಗೆ ಧೂಳು ತುಂಬಿದ ಎದೆ ಬಿಟ್ಟು ಬೇರೇನೂ ಮನೆಗೆ ತರಲಿಲ್ಲ. ರಾತ್ರಿ ಕೆಮ್ಮಿನ ಮಧ್ಯೆ ಹಾಡೋರು. ಆ ತಂತಿ ಮಾರಿಕುಪ್ಪಂ ತನಕ ಬಂದಿದ್ರೆ ತಾತ ಏನು ಹಾಡಿ ಕಳಿಸ್ತಿದ್ರೋ ಅಂತ ಎಷ್ಟೋ ಸಲ ಅಂದ್ಕೊಂಡಿದೀನಿ.

ಅವರ ಕಂಠ ನನಗೆ ಬಂದಿಲ್ಲ. ಹಾಡೋ ಹುಚ್ಚು ಬಂದಿದೆ. ನಾನು ಕೆಲಸ ಮಾಡೋ ಕಡೆ ಏಪ್ರಿಲ್ 14ಕ್ಕೆ ಪ್ರತಿವರ್ಷ ನನ್ನನ್ನ ಹಾಡೋಕೆ ನಿಲ್ಲಿಸ್ತಾರೆ. ಎರಡು ವರ್ಷದ ಹಿಂದೆ ಮ್ಯಾನ್‌ಹೋಲ್‌ನಲ್ಲಿ ಸತ್ತವರ ಮೇಲೆ ಹಾಡಿದೆ. ಎರಡನೇ ಚರಣಕ್ಕೆ ಮೈಕ್ ಆಫ್ ಆಯ್ತು. ಕರೆಂಟ್ ಹೋಯ್ತು ಅಂದ್ರು. ಫ್ಯಾನು ತಿರುಗ್ತಾನೇ ಇತ್ತು.

ಈ ಸಲವೂ ಪಟ್ಟಿಯಲ್ಲಿ ನನ್ನ ಹೆಸರು ಹಾಕಿದಾರೆ, ಪಕ್ಕದಲ್ಲಿ ಕಂಸದೊಳಗೆ "ಗೀತೆ ಮಾತ್ರ" ಅಂತ. ನಾನು ಹೆಸರು ಹೊಡೆದು ಹಾಕಿ ಸಹಿ ಮಾಡಿ ಕೊಟ್ಟೆ. 14ರ ಸಂಜೆ ಏಳಕ್ಕೆ ನಮ್ಮ ಕೇರಿಯ ಅಂಬೇಡ್ಕರ್ ಭವನದ ಮುಂದೆ ಹಾಡ್ತೀವಿ. ತಮಟೆ ಇರುತ್ತೆ, ಮೈಕ್ ಇರಲ್ಲ. ಬನ್ನಿ. ಪಕ್ಕದ ಟೇಬಲ್‌ನ ಹಿರಿಯರನ್ನೂ ಕರೆದಿದೀನಿ, ನೋಡ್ತೀನಿ ಅಂದಿದಾರೆ.

ಜೈಭೀಮ್.