ಬಂಜೆಯೆಂಬ ಪದಕ್ಕೆ ಪುಲ್ಲಿಂಗವಿಲ್ಲ

ನಮ್ಮ ನುಡಿಯಲ್ಲಿ ಮಕ್ಕಳಿಲ್ಲದ ಹೆಂಗಸಿಗೆ ಒಂದು ಹೆಸರಿದೆ. ಮಕ್ಕಳಿಲ್ಲದ ಗಂಡಸಿಗೆ ಇಲ್ಲ. ‘ವಂಧ್ಯಾ’ ಎಂಬ ಸಂಸ್ಕೃತದ ಸ್ತ್ರೀಲಿಂಗ ಶಬ್ದವೇ ತದ್ಭವವಾಗಿ ‘ಬಂಜೆ’ಯಾಯಿತು. ಅದಕ್ಕೊಂದು ಪುಲ್ಲಿಂಗ ರೂಪವನ್ನು ಕಟ್ಟಿಕೊಳ್ಳುವ ಅಗತ್ಯ ನಮ್ಮ ಹಿರಿಯರಿಗೆ ತೋರಲಿಲ್ಲ. ಷಂಡ, ನಪುಂಸಕ ಎಂಬ ಮಾತುಗಳುಂಟು, ನಿಜ. ಆದರೆ ಅವು ಬೈಗುಳಗಳೇ ಹೊರತು ಒಂದು ದೇಹಸ್ಥಿತಿಯ ಹೆಸರುಗಳಲ್ಲ. ಇಂದಿನ ವೈದ್ಯರು ‘ಪುರುಷ ಬಂಜೆತನ’ವೆಂದು ಹೆಣ್ಣಿನ ಪದಕ್ಕೇ ಗಂಡಿನ ವಿಶೇಷಣವನ್ನು ತೊಡಿಸಿ ಕೆಲಸ ಸಾಗಿಸುತ್ತಾರೆ. ಇದನ್ನು ಬರಿಯ ಶಬ್ದಕೋಶದ ಕೊರತೆಯೆಂದು ನಾನು ಭಾವಿಸಲಾರೆ. ಹೆಸರಿಲ್ಲದ ನೋವು ಲೆಕ್ಕಕ್ಕೂ ಸಿಕ್ಕುವುದಿಲ್ಲವೆಂಬುದಕ್ಕೆ ಕನ್ನಡ ನಾಡಿನ ಅಂಚಿನಲ್ಲಿಯೇ ನಿದರ್ಶನವಿದೆ.

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ ಪಡ್ರೆಯೆಂಬ ಗ್ರಾಮವಿದೆ. ಆಡಳಿತಕ್ಕೆ ಕೇರಳ, ಆಡುವ ಮಾತಿಗೆ ಕನ್ನಡ, ತುಳು. ಅಲ್ಲಿಯ ಒಂದು ಭಾಗಕ್ಕೆ ಸ್ವರ್ಗವೆಂದೇ ಹೆಸರು! ಗುಡ್ಡಗಳ ನೆತ್ತಿಯಲ್ಲಿ ಸರಕಾರೀ ಪ್ಲಾಂಟೇಶನ್ ನಿಗಮದ ಗೇರುತೋಟಗಳು. ಬುಡದಲ್ಲಿ ಜನರ ಮನೆಗಳು, ಅಡಕೆತೋಟಗಳು, ಗುಡ್ಡವನ್ನು ಅಡ್ಡಲಾಗಿ ಕೊರೆದು ನೀರು ತರುವ ಸುರಂಗಗಳು. ಗೇರಿನ ಚಿಗುರನ್ನು ಹೀರುವ ಟೀ ಸೊಳ್ಳೆಯನ್ನು ಕೊಲ್ಲಲೆಂದು 1970ರ ದಶಕದ ಉತ್ತರಾರ್ಧದಿಂದ 2000ದ ವರೆಗೆ ಆ ಗುಡ್ಡಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ನಮ್ಮ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳೂ ಇದೇ ವಿಷದ ಮಳೆಯನ್ನು ಕಂಡುವು. ನೆತ್ತಿಯ ಮೇಲೆ ಬಿದ್ದುದು ಬುಡದ ನೀರಿಗಿಳಿಯದೆ ಇದ್ದೀತೆ?

ಅಲ್ಲಿಯ ಮಕ್ಕಳ ಚಿತ್ರಗಳನ್ನು ವಾಚಕರು ಪತ್ರಿಕೆಗಳಲ್ಲಿ ನೋಡಿದ್ದಾರೆ. ಸೊರಗಿದ ಕೈಕಾಲು, ಹಾಸಿಗೆಯನ್ನು ಬಿಟ್ಟೇಳದ ದೇಹ, ಎತ್ತಿಕೊಂಡು ನಿಂತ ತಾಯಿ: ಇವು ನಮ್ಮ ಮನಸ್ಸನ್ನು ಕಲಕಿದುವು, ಕಲಕಬೇಕಾದುದೇ. ಆದರೆ ಚಿತ್ರಕ್ಕೆ ಸಿಕ್ಕದ ಇನ್ನೊಂದು ಹಾನಿಯನ್ನು 2003ರಲ್ಲಿಯೇ ವಿಜ್ಞಾನಿಗಳು ಲೋಕದ ಮುಂದಿಟ್ಟಿದ್ದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಗೇರುಗುಡ್ಡದ ಬುಡದ ಒಂದು ಗ್ರಾಮದಲ್ಲಿ 10ರಿಂದ 19 ವರ್ಷದ 117 ಶಾಲಾಬಾಲಕರನ್ನೂ, ಸಿಂಪಡಣೆಯಿಲ್ಲದ ಊರಿನ 90 ಬಾಲಕರನ್ನೂ ಪರೀಕ್ಷಿಸಿದರು. ಮೊದಲಿನವರ ರಕ್ತದಲ್ಲಿ ಎಂಡೋಸಲ್ಫಾನ್ ಸರಾಸರಿ ಶತಕೋಟಿಗೆ 7.47 ಭಾಗ, ಉಳಿದವರಲ್ಲಿ 1.37. ವಿಷ ಹೆಚ್ಚಿದಲ್ಲಿ ಗಂಡಸುತನದ ಹಾರ್ಮೋನು ಕುಗ್ಗಿತ್ತು. ಪ್ರಾಯ ತಡವಾಗಿ ಬರುತ್ತಿತ್ತು. ವೃಷಣಗಳ ಇಳಿಯುವಿಕೆಗೆ ಸಂಬಂಧಿಸಿದ ಹುಟ್ಟುದೋಷಗಳು ಅಲ್ಲಿ ಶೇಕಡ 5.1, ಇಲ್ಲಿ 1.1. ಈ ಕೊನೆಯ ಅಂತರ ಸಂಖ್ಯಾಶಾಸ್ತ್ರದ ಒರೆಗಲ್ಲಿಗೆ ನಿಲ್ಲುವಷ್ಟು ದೊಡ್ಡದಲ್ಲವೆಂದು ಅವರೇ ಬರೆದರು.

ಆ ಹುಡುಗರೆಲ್ಲರೂ ಸಿಂಪಡಣೆಯ ವರ್ಷಗಳಲ್ಲಿಯೇ ಗರ್ಭದಲ್ಲಿದ್ದವರು ಎಂಬುದನ್ನು ಗಮನಿಸಬೇಕು. ಗಂಡುಮಗುವಿನ ವೃಷಣಗಳು ರೂಪುಗೊಳ್ಳತೊಡಗುವುದು ಗರ್ಭದ ಎರಡನೆಯ ತಿಂಗಳಿನಲ್ಲಿ. ಅವು ತಾವೇ ಹಾರ್ಮೋನನ್ನು ಸುರಿಸಿ ಮಗುವಿನ ಗಂಡುತನವನ್ನು ನಿರ್ಧರಿಸುತ್ತವೆ. ಕೊನೆಯ ತಿಂಗಳುಗಳಲ್ಲಿ ಹೊಟ್ಟೆಯಿಂದ ತಮ್ಮ ಸ್ಥಾನಕ್ಕೆ ಇಳಿಯುತ್ತವೆ. ಈ ಹೊತ್ತಿನಲ್ಲಿ ಆದ ಕೇಡು ಇಪ್ಪತ್ತು ಮೂವತ್ತು ವರ್ಷಗಳ ಅನಂತರ ಪ್ರಕಟವಾದೀತು. ಡೆನ್ಮಾರ್ಕಿನ ವೈದ್ಯ ಸ್ಕಾಕೆಬೆಕ್ ಅವರು 2001ರಲ್ಲಿ ಮಂಡಿಸಿದ ವಾದವೂ ಇದೇ: ಇಳಿಯದ ವೃಷಣ, ಕುಗ್ಗಿದ ವೀರ್ಯಾಣು, ವೃಷಣದ ಕ್ಯಾನ್ಸರು, ಇವುಗಳ ಬೇರು ಗರ್ಭದಲ್ಲಿರಬಹುದು. 1938ರಲ್ಲಿ ಬ್ರಿಟನ್ನಿನಲ್ಲಿ ತಯಾರಾದ ಡೈಎಥಿಲ್‌ಸ್ಟಿಲ್ಬೆಸ್ಟ್ರಾಲ್ ಎಂಬ ಔಷಧವನ್ನು ಗರ್ಭಪಾತ ತಡೆಯಲೆಂದು ಅಮೆರಿಕದ ಬಸುರಿಯರಿಗೆ ಕೊಡುತ್ತಿದ್ದರು. ಅದು ಬೇಡವೆಂದು ಅಲ್ಲಿಯ ಸರಕಾರ 1971ರಲ್ಲಿ ಎಚ್ಚರಿಸಿದುದು ಹೆಣ್ಣುಮಕ್ಕಳಲ್ಲಿ ಕ್ಯಾನ್ಸರು ಕಂಡ ಮೇಲೆ. ಗಂಡುಮಕ್ಕಳ ಇಳಿಯದ ವೃಷಣಗಳ ಮಾತು ಹಿಂದಿನಿಂದ ಬಂದಿತು.

ಕಾಸರಗೋಡಿನ ಅಧ್ಯಯನ ಸಣ್ಣದು. ಹಲವರು ಅದರಲ್ಲಿ ಪಾಲ್ಗೊಳ್ಳಲಿಲ್ಲವೆಂಬುದನ್ನೂ ಸಂಶೋಧಕರು ಒಪ್ಪಿಕೊಂಡಿದ್ದಾರೆ. ಇಷ್ಟರಿಂದಲೇ ಎಲ್ಲವೂ ಸಿದ್ಧವಾಯಿತೆಂದು ಸಾರುವುದು ಅವಿವೇಕ. ಗರ್ಭದಲ್ಲಿ ತಗಲಿದ ವಿಷವನ್ನೂ ಬಾಲ್ಯದಲ್ಲಿ ತಗಲಿದುದನ್ನೂ ಬೇರ್ಪಡಿಸಿ ತೋರಿಸಲು ಅದರಿಂದಾಗದು. ಆದರೆ ಹದಿನೈದರ ಹುಡುಗ ಅಪರಿಚಿತರೆದುರು ಬಟ್ಟೆ ಕಳಚಲು ಹಿಂಜರಿದರೆ, ನಾಳೆ ಮದುವೆಯ ಮಾತು ಬಂದಾಗ ಏನು ಗತಿಯೆಂದು ಅವನ ತಂದೆ ಅಂಜಿದರೆ, ಅದರಲ್ಲಿ ಆಶ್ಚರ್ಯವೇನು? ಸಾಕ್ಷ್ಯ ಸಾಲದು ಎಂಬ ಮಾತಿನ ಹಿಂದೆ ನಮ್ಮ ಲಜ್ಜೆಯ ಪಾಲೂ ಇರಬಹುದೆಂದು ನನ್ನ ನಮ್ರ ಅಭಿಪ್ರಾಯ. ಲಜ್ಜೆ ಸದ್ಗುಣವೇ ಸರಿ. ವಿಷಕ್ಕೆ ಮರೆಯಾಗಿ ನಿಂತಾಗ ಅದು ಸದ್ಗುಣವಲ್ಲ.

ಗಂಡು ಬೀಜ, ಹೆಣ್ಣು ಕ್ಷೇತ್ರವೆಂದು ನಮ್ಮ ಧರ್ಮಶಾಸ್ತ್ರಗಳು ಕಲ್ಪಿಸಿದುವು. ಬೆಳೆ ಬಾರದಿದ್ದರೆ ಕ್ಷೇತ್ರವನ್ನು ಹಳಿಯುವುದು ವಾಡಿಕೆಯಾಯಿತು. ಬೀಜವೂ ಒಂದು ಕ್ಷೇತ್ರದಲ್ಲಿಯೇ ರೂಪುಗೊಳ್ಳುತ್ತದೆ, ಆ ಕ್ಷೇತ್ರಕ್ಕೆ ಹೊರಗಿನವರು ವಿಷವನ್ನು ಸುರಿದಾರು ಎಂಬುದನ್ನು ಆ ಕಲ್ಪನೆ ಅರಿಯದು. ಹಾಗೆಂದು ತಾಯಿಯನ್ನು ಹೊಣೆಮಾಡುವುದು ಹಳೆಯ ಅನ್ಯಾಯದ ಹೊಸ ರೂಪವಾದೀತು. ಗ್ರಹಣದ ನೆರಳು ತಾಗದಂತೆ ಬಸುರಿಯನ್ನು ಒಳಕೋಣೆಯಲ್ಲಿ ಕೂರಿಸಿದ ಮನೆಯವರಿಗೆ, ಹೆಲಿಕಾಪ್ಟರಿನ ನೆರಳಿನಿಂದ ಅವಳನ್ನು ಕಾಯುವ ಉಪಾಯವಿರಲಿಲ್ಲ. ಆ ಹೊಣೆ ಸಿಂಪಡಿಸಿದವರದು, ಒಪ್ಪಿಗೆಯಿತ್ತ ಸರಕಾರಗಳದು.

2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನಿಗೆ ತಡೆಯೊಡ್ಡಿತು. ಅದೇ ವರ್ಷ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೂ ಅದು ಸೇರಿತು. 2017ರಲ್ಲಿ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆಜ್ಞಾಪಿಸಿತು. ಅಂದು ಪರೀಕ್ಷೆಗೊಳಗಾದ ಬಾಲಕರು ಇಂದು ಮೂವತ್ತು ದಾಟಿದ ಗೃಹಸ್ಥರು. ಅವರನ್ನೂ ಅವರ ಓರಗೆಯವರನ್ನೂ, ಗಡಿಯ ಎರಡೂ ಕಡೆ, ಗುಟ್ಟು ಬಯಲಾಗದಂತೆ, ಅವರ ಮಾತಿನಲ್ಲಿಯೇ ವಿಚಾರಿಸಿ ಪರೀಕ್ಷಿಸಬೇಕು. ಹಾನಿಯಾಗಿದ್ದರೆ ಚಿಕಿತ್ಸೆಯ ವೆಚ್ಚವನ್ನು ಸರಕಾರ ಹೊರಬೇಕು. ಮಕ್ಕಳಾಗದ ದಂಪತಿಗಳಲ್ಲಿ ಮೊದಲು ಹೆಂಡತಿಯನ್ನಷ್ಟೇ ಆಸ್ಪತ್ರೆಗೆ ಕಳಿಸುವ ಪದ್ಧತಿಯನ್ನು ನಾವೆಲ್ಲರೂ ಬಿಡಬೇಕು. ಕನ್ನಡ ಕಲಿಸುವವನಾದ ನನ್ನ ಬೇಡಿಕೆ ಇನ್ನೂ ಒಂದುಂಟು: ಬೈಗುಳವಲ್ಲದ, ಅವಮಾನವಿಲ್ಲದ ಒಂದು ಪದವನ್ನು ಈ ಗಂಡಸರಿಗಾಗಿ ನಾವು ರೂಢಿಸಬೇಕು. ಹೇಳಿಕೊಳ್ಳಲು ಮಾತು ಸಿಕ್ಕಿದರೆ, ಹೇಳಿಕೊಳ್ಳುವ ಧೈರ್ಯವೂ ಬಂದೀತು.