ಗಾಲ್ಫ್ ಕೂಟದಲ್ಲಿ ಸಣ್ಣ ಉದ್ದಿಮೆದಾರನಿಗೂ ಸ್ಥಾನವಿರಲಿ

ವಾಣಿಜ್ಯ ಸಂಸ್ಥೆಗಳು ತಮ್ಮ ಸದಸ್ಯರಿಗಾಗಿ ವರ್ಷಕ್ಕೊಮ್ಮೆ ಗಾಲ್ಫ್ ಕೂಟವನ್ನು ಏರ್ಪಡಿಸುವುದು ಈಗ ಹೊಸದೇನಲ್ಲ. ಆಹ್ವಾನ ಪತ್ರಿಕೆಯಲ್ಲಿ ‘ಸೌಹಾರ್ದ ಪಂದ್ಯ’ ಎಂದಿರುತ್ತದೆ. ಕೂಟದ ವೆಚ್ಚದ ಒಂದು ಪಾಲು ಪ್ರಾಯೋಜಕರಿಂದ ಬಂದರೆ ಮತ್ತೊಂದು ಪಾಲು ನಾವೆಲ್ಲರೂ ಸಲ್ಲಿಸುವ ವಾರ್ಷಿಕ ಚಂದಾದಿಂದ ಭರ್ತಿಯಾಗುತ್ತದೆ. ಆದರೆ ಅಂಗಳಕ್ಕೆ ಇಳಿಯುವವರ ಪಟ್ಟಿಯನ್ನು ನೋಡಿದರೆ ವರ್ಷ ವರ್ಷವೂ ಅದೇ ಇಪ್ಪತ್ತು ಮೂವತ್ತು ಹೆಸರುಗಳು. ಪೀಣ್ಯದ ಬಿಡಿಭಾಗ ತಯಾರಕನಾಗಲಿ, ಚಿಕ್ಕಪೇಟೆಯ ಜವಳಿ ವರ್ತಕನಾಗಲಿ ಅಲ್ಲಿ ಕಾಣಸಿಗುವುದು ಅಪರೂಪ. ಅವರಿಗೆ ಆಸಕ್ತಿಯಿಲ್ಲವೆಂದು ಪದಾಧಿಕಾರಿಗಳು ಹೇಳುವುದುಂಟು. ಆಸಕ್ತಿಯ ಕೊರತೆ ಕಾರಣವಲ್ಲ, ಆಟವನ್ನು ಯೋಜಿಸುವ ಕ್ರಮವೇ ಕಾರಣವೆಂಬುದು ನನ್ನ ಅಭಿಪ್ರಾಯ.

ಈ ಮಾತನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಘಟಕದಿಂದ ಬಿಡಿಭಾಗ ಕೊಳ್ಳುತ್ತಿದ್ದ ದೊಡ್ಡ ಕಂಪನಿಯೊಂದು ತನ್ನ ಸರಬರಾಜುದಾರರಿಗೆ ಇಂಥದೊಂದು ಕೂಟ ನಡೆಸಿತು. ಹತ್ತು ದಿನ ಅಭ್ಯಾಸದ ಮೈದಾನದಲ್ಲಿ ಚೆಂಡು ಹೊಡೆದು ಕಲಿತಿದ್ದೆನೆಂಬ ಧೈರ್ಯದಿಂದ ನಾನೂ ಹೋದೆ. 18 ಹೋಲ್‌ಗಳ ಆಟ. ಪ್ರತಿಯೊಬ್ಬನೂ ತನ್ನ ಚೆಂಡನ್ನು ತಾನೇ ಕೊನೆಯವರೆಗೆ ಆಡಿ ಎಲ್ಲ ಹೊಡೆತಗಳನ್ನು ಎಣಿಸಿ ಬರೆಯಬೇಕು. ಐದನೆಯ ಹೋಲ್ ತಲಪುವಷ್ಟರಲ್ಲಿ ನನ್ನ ಲೆಕ್ಕ ಐವತ್ತನ್ನು ಸಮೀಪಿಸಿತ್ತು. ಜೊತೆಯ ಮೂವರು ಒಂದು ಮಾತನ್ನೂ ಆಡದೆ ಕಾದು ನಿಂತಿದ್ದರು. ಹಿಂದೆ ಎರಡು ತಂಡಗಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದವು. ಏಳನೆಯ ಹೋಲ್‌ನಲ್ಲಿ ಭುಜ ನೋಯುತ್ತಿದೆಯೆಂದು ಸುಳ್ಳು ಹೇಳಿ ಆಟ ಬಿಟ್ಟೆ. ಯಾರೊಡನೆ ನಾಲ್ಕು ಮಾತನಾಡಬೇಕೆಂದು ಹೋಗಿದ್ದೆನೋ ಆ ಖರೀದಿ ವಿಭಾಗದ ಮುಖ್ಯಸ್ಥರು ಬೇರೊಂದು ತಂಡದಲ್ಲಿದ್ದರು. ಅವರನ್ನು ಆ ದಿನ ಕಂಡದ್ದು ದೂರದಿಂದ ಮಾತ್ರ. ಮುಂದಿನ ಎರಡು ವರ್ಷ ಅಂಥ ಆಹ್ವಾನ ಬಂದಾಗಲೆಲ್ಲ ಏನಾದರೊಂದು ನೆವ ಹೇಳಿ ತಪ್ಪಿಸಿಕೊಂಡೆ.

ತಪ್ಪು ಆ ಮೂವರದಲ್ಲ, ಅವರು ಸಭ್ಯರು. ಮೊದಲ ದಿನದ ಕಲಿಕೆಯವನನ್ನು ಇಪ್ಪತ್ತು ವರ್ಷ ಆಡಿದವನ ಜೊತೆಗೆ ನಿಲ್ಲಿಸಿ ಇಬ್ಬರಿಗೂ ಒಂದೇ ಅಳತೆಗೋಲು ಹಿಡಿದದ್ದೇ ತಪ್ಪು.

ವಾಸ್ತವದಲ್ಲಿ, ಅಸಮಾನ ಸಾಮರ್ಥ್ಯದ ಆಟಗಾರರು ಒಟ್ಟಿಗೆ ಆಡಲು ಗಾಲ್ಫ್‌ನಷ್ಟು ಅನುಕೂಲ ಕಲ್ಪಿಸಿರುವ ಕ್ರೀಡೆ ಇನ್ನೊಂದಿಲ್ಲವೆನ್ನಲಡ್ಡಿಯಿಲ್ಲ. ಹ್ಯಾಂಡಿಕ್ಯಾಪ್ ಪದ್ಧತಿಯಿರುವುದೇ ಅದಕ್ಕಾಗಿ. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯು ಗಂಡಸರಿಗೂ ಹೆಂಗಸರಿಗೂ ಒಂದೇ ಗರಿಷ್ಠ ಮಿತಿಯನ್ನು, ಅಂದರೆ 54 ಅಂಕವನ್ನು, ನಿಗದಿ ಮಾಡಿದೆ. ಹೊಸಬನೂ ಲೆಕ್ಕದೊಳಗೆ ಬರಬೇಕೆಂಬುದೇ ಇದರ ಉದ್ದೇಶ. ಅದಕ್ಕೂ ಬಹು ಹಿಂದೆ, 1932ರಲ್ಲಿ, ಇಂಗ್ಲೆಂಡಿನ ವಾಲಸಿ ಕ್ಲಬ್ಬಿನಲ್ಲಿ ಡಾ. ಫ್ರ್ಯಾಂಕ್ ಸ್ಟೇಬಲ್‌ಫೋರ್ಡ್ ಎಂಬ ವೈದ್ಯರು ತಮ್ಮ ಅಂಕ ಪದ್ಧತಿಯನ್ನು ಆಡಿಸಿದರು. ಅದರಲ್ಲಿ ಹೊಡೆತಗಳ ಮೊತ್ತ ಮುಖ್ಯವಲ್ಲ. ಹ್ಯಾಂಡಿಕ್ಯಾಪ್ ಕಳೆದ ಮೇಲೆ ಪಾರ್ ಆಡಿದರೆ 2 ಅಂಕ, ಒಂದು ಹೊಡೆತ ಹೆಚ್ಚಾದರೆ 1, ಅದಕ್ಕೂ ಹೆಚ್ಚಾದರೆ ಸೊನ್ನೆ. ಸೊನ್ನೆಯೆಂದು ತಿಳಿದೊಡನೆ ಚೆಂಡನ್ನು ಎತ್ತಿಕೊಂಡು ಮುಂದಿನ ಹೋಲ್‌ಗೆ ನಡೆದರಾಯಿತು. ಒಂದು ಹೋಲ್ ಕೆಟ್ಟರೆ ಅಷ್ಟಕ್ಕೇ ನಷ್ಟ, ಇಡೀ ದಿನ ಕೆಡುವುದಿಲ್ಲ. ನನ್ನ ಆ ಐವತ್ತು ಹೊಡೆತಗಳ ದಿನ ಈ ಪದ್ಧತಿ ಇದ್ದಿದ್ದರೆ ಭುಜನೋವಿನ ನಾಟಕ ಬೇಕಾಗುತ್ತಿರಲಿಲ್ಲ.

ಆದರೆ ಸ್ಟೇಬಲ್‌ಫೋರ್ಡ್‌ಗೆ ನಂಬಲರ್ಹವಾದ ಹ್ಯಾಂಡಿಕ್ಯಾಪ್ ಬೇಕು. ನಮ್ಮಲ್ಲಿ ಅನೇಕರಿಗೆ ಅದು ಇಲ್ಲ. ಅಂಥವರಿಗೆಂದು ನಮ್ಮ ಕಡೆಯ ಕೂಟಗಳಲ್ಲಿ ‘ಸಿಸ್ಟಮ್ 36’ ಎಂಬ ಲೆಕ್ಕವನ್ನು ಬಳಸುವುದುಂಟು. ಆಟ ಮುಗಿದ ಮೇಲೆ ಪ್ರತಿ ಪಾರ್‌ಗೆ ಅಥವಾ ಅದಕ್ಕಿಂತ ಉತ್ತಮ ಆಟಕ್ಕೆ 2, ಬೋಗಿಗೆ 1, ಉಳಿದದ್ದಕ್ಕೆ ಸೊನ್ನೆಯಂತೆ ಕೂಡಿ, ಆ ಮೊತ್ತವನ್ನು 36ರಿಂದ ಕಳೆದರೆ ಬಂದದ್ದೇ ಅಂದಿನ ಹ್ಯಾಂಡಿಕ್ಯಾಪ್. ಕೇಳಲು ನ್ಯಾಯವಾಗಿಯೇ ಇದೆ. ಲೆಕ್ಕ ಹಾಕಿ ನೋಡೋಣ. ಪಾರ್ 72ರ ಅಂಗಳದಲ್ಲಿ ಹದಿನೆಂಟೂ ಹೋಲ್‌ಗಳಲ್ಲಿ ಬೋಗಿ ಮಾಡಿದವನ ಒಟ್ಟು ಹೊಡೆತ 90, ಹ್ಯಾಂಡಿಕ್ಯಾಪ್ 18, ನಿವ್ವಳ 72. ಪ್ರತಿ ಹೋಲ್‌ನಲ್ಲೂ ಮೂರು ಹೊಡೆತ ಹೆಚ್ಚು ಆಡಿದ ಹೊಸಬನ ಒಟ್ಟು 126, ಹ್ಯಾಂಡಿಕ್ಯಾಪ್ 36, ನಿವ್ವಳ 90. ಅಂದರೆ ಎಲ್ಲ ರಿಯಾಯಿತಿ ಕೊಟ್ಟ ಮೇಲೂ ಹೊಸಬನು ಹದಿನೆಂಟು ಹೊಡೆತ ಹಿಂದೆಯೇ ಉಳಿದ. ಮಧ್ಯಮ ಆಟಗಾರನಿಗೆ ಇದು ಒಳ್ಳೆಯ ಪದ್ಧತಿ; ನಮಗೆ ಬೇಕಾದವನಿಗೆ ಅಲ್ಲ.

ಹಾಗಾದರೆ ಉಳಿದ ದಾರಿ ಸ್ಕ್ರ್ಯಾಂಬಲ್. ಪಳಗಿದ ಆಟಗಾರರು ಇದನ್ನು ಮಕ್ಕಳಾಟವೆಂದು ಮೂಗು ಮುರಿಯುವುದನ್ನು ಕೇಳಿದ್ದೇನೆ. ಮುರಿಯಲಿ. ನಾಲ್ವರ ತಂಡದಲ್ಲಿ ಎಲ್ಲರೂ ಟೀಯಿಂದ ಹೊಡೆಯುತ್ತಾರೆ. ನಾಲ್ಕರಲ್ಲಿ ಉತ್ತಮವಾಗಿ ಬಿದ್ದ ಚೆಂಡನ್ನು ಆಯ್ದು, ಉಳಿದ ಮೂವರೂ ತಮ್ಮ ಚೆಂಡನ್ನು ಎತ್ತಿ ತಂದು ಆ ಜಾಗದಿಂದಲೇ ಮುಂದಿನ ಹೊಡೆತ ಆಡುತ್ತಾರೆ. ಚೆಂಡು ಕುಳಿ ಸೇರುವವರೆಗೂ ಹೀಗೆಯೇ. ತಂಡಕ್ಕೆ ಒಂದೇ ಲೆಕ್ಕ. ಹೊಸಬನ ಚೆಂಡು ಪೊದೆಗೆ ಹೋದರೆ ಯಾರಿಗೂ ನಷ್ಟವಿಲ್ಲ, ಹುಡುಕುವ ಕೆಲಸವೂ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ ನಾಲ್ವರೂ ಒಂದೇ ಜಾಗದಲ್ಲಿ ನಿಂತು, ಮುಂದೇನೆಂದು ಒಟ್ಟಿಗೆ ಆಲೋಚಿಸಬೇಕಾಗುತ್ತದೆ. ಸ್ವಂತ ಚೆಂಡಿನ ಆಟದಲ್ಲಿ ನಾಲ್ವರು ನಾಲ್ಕು ದಿಕ್ಕಿಗೆ ನಡೆದು ಗ್ರೀನ್‌ನಲ್ಲಿ ಮಾತ್ರ ಭೇಟಿಯಾಗುತ್ತಾರೆ. ಪರಿಚಯ ಬೆಳೆಸುವುದೇ ಕೂಟದ ಉದ್ದೇಶವಾದರೆ ಯಾವುದು ಮೇಲೆಂಬುದನ್ನು ವರ್ತಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದರಲ್ಲೂ ಒಂದು ಅಪಾಯವಿದೆ. ಬಲಿಷ್ಠ ಆಟಗಾರನೊಬ್ಬನ ಚೆಂಡನ್ನೇ ಪ್ರತಿ ಸಲವೂ ಆಯ್ದರೆ ಉಳಿದವರು ಪ್ರೇಕ್ಷಕರಾಗುತ್ತಾರೆ. ಇದನ್ನು ತಡೆಯಲು ಪ್ರತಿಯೊಬ್ಬನ ಟೀ ಹೊಡೆತವನ್ನೂ ಕನಿಷ್ಠ ಇಷ್ಟು ಸಲ ಬಳಸಲೇಬೇಕೆಂಬ ನಿಯಮವನ್ನು ಟೆಕ್ಸಾಸ್ ಸ್ಕ್ರ್ಯಾಂಬಲ್ ಎಂಬ ಹೆಸರಿನ ಕೂಟಗಳಲ್ಲಿ ಸಾಮಾನ್ಯವಾಗಿ ಸೇರಿಸುತ್ತಾರೆ. 18 ಹೋಲ್‌ಗಳಿಗೆ ತಲಾ 3 ಎಂದರೆ 12 ಹೋಲ್‌ಗಳು ಹಂಚಿಹೋಗಿ ಆರು ತಂಡದ ಇಷ್ಟಕ್ಕೆ ಉಳಿಯುತ್ತವೆ. ಈ ಒಂದು ಸಾಲಿನ ನಿಯಮ ಇಡೀ ಆಟದ ಸ್ವರೂಪವನ್ನೇ ಬದಲಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎರಡು ವರ್ಷದ ಅಜ್ಞಾತವಾಸದ ನಂತರ ಮಿತ್ರರೊಬ್ಬರ ಒತ್ತಾಯಕ್ಕೆ ಇಂಥದೊಂದು ಕೂಟಕ್ಕೆ ಹೋದೆ. ನಮ್ಮ ತಂಡದಲ್ಲಿ ಹಾರ್ಡ್‌ವೇರ್ ಅಂಗಡಿಯ ಹಿರಿಯರೊಬ್ಬರಿದ್ದರು. ಗಾಲ್ಫ್ ಕೋಲನ್ನು ಅವರು ಕೈಯಲ್ಲಿ ಹಿಡಿದದ್ದು ಅದು ಮೂರನೆಯ ಸಲ. ನಾಯಕನು ಅವರ ಹೊಡೆತಗಳನ್ನು ಕೊನೆಗೆಂದು ಮುಂದೂಡದೆ, ಮೊದಲ ಗಿಡ್ಡ ಹೋಲ್‌ನಲ್ಲೇ “ಯಜಮಾನರೇ, ಇಲ್ಲಿ ನಿಮ್ಮದೇ ತೆಗೆದುಕೊಳ್ಳೋಣ” ಎಂದು, ಗ್ರೀನ್‌ಗೆ ಇಪ್ಪತ್ತು ಗಜ ಮುಂಚೆ ನಿಂತ ಅವರ ಚೆಂಡನ್ನು ಆಯ್ದನು. ಅವರ ನಡಿಗೆಯೇ ಬದಲಾಯಿತು. ಹದಿನಾಲ್ಕನೆಯ ಹೋಲ್‌ನಲ್ಲಿ ನಾವು ಮೂವರೂ ತಪ್ಪಿಸಿದ್ದ ಪಟ್ಟನ್ನು ಅವರು ಕುಳಿಗಿಳಿಸಿದರು. ನೆಲದ ಮೇಲೆ ಚೆಂಡು ಉರುಳಿಸಲು ಹರೆಯದ ತೋಳಿನ ಬಲ ಬೇಕಿಲ್ಲ. ಆಟ ಮುಗಿಸಿ ಉಪಾಹಾರಕ್ಕೆ ಕುಳಿತಾಗ, ಎರಡು ಮೇಜಿನಾಚೆಯಿದ್ದ ನಿರ್ಮಾಣ ಸಂಸ್ಥೆಯ ಪಾಲುದಾರರು ತಾವಾಗಿಯೇ ಎದ್ದು ಬಂದು ಅವರ ಪಕ್ಕದಲ್ಲಿ ಕುಳಿತರು. ಅದರಿಂದ ವ್ಯಾಪಾರ ಕುದುರಿತೋ ಇಲ್ಲವೋ ನಾನು ವಿಚಾರಿಸಲಿಲ್ಲ. ವಿಚಾರಿಸುವುದು ಮರ್ಯಾದೆಯೂ ಅಲ್ಲ.

ತಂಡಗಳನ್ನು ಕಟ್ಟುವ ಕೆಲಸವನ್ನು ಕಡ್ಡಾಯವಾಗಿ ಸಮಿತಿಯೇ ಮಾಡಬೇಕು. ಸದಸ್ಯರಿಗೇ ಬಿಟ್ಟರೆ ಸ್ನೇಹಿತರು ಸ್ನೇಹಿತರೊಡನೆ ಕೂಡಿಕೊಂಡು ಹಳೆಯ ಗುಂಪುಗಳೇ ಮರಳಿ ಹುಟ್ಟುತ್ತವೆ. ಹೆಸರುಗಳನ್ನು ಹ್ಯಾಂಡಿಕ್ಯಾಪ್ ಕ್ರಮದಲ್ಲಿ ಬರೆದು ನಾಲ್ಕು ಭಾಗ ಮಾಡಿ, ಪ್ರತಿ ಭಾಗದಿಂದ ಒಬ್ಬೊಬ್ಬರನ್ನು ಚೀಟಿಯೆತ್ತಿ ಸೇರಿಸಿದರೆ ಸಾಕು. ತಂಡದ ಹ್ಯಾಂಡಿಕ್ಯಾಪಿಗೂ ಶಿಫಾರಸು ಮಾಡಲಾದ ಸೂತ್ರವಿದೆ: ಕಡಿಮೆಯಿಂದ ಹೆಚ್ಚಿನ ಕ್ರಮದಲ್ಲಿ ಶೇ. 25, 20, 15 ಮತ್ತು 10. ಅಂಗಳದ ಹ್ಯಾಂಡಿಕ್ಯಾಪ್ 8, 16, 24, 40 ಇರುವ ನಾಲ್ವರಿಗೆ 2, 3.2, 3.6, 4 ಸೇರಿ 12.8, ಅಂದರೆ 13 ಹೊಡೆತ. ಹ್ಯಾಂಡಿಕ್ಯಾಪ್ ಇಲ್ಲದ ಹೊಸಬರಿಗೆಲ್ಲ ಸಮಿತಿಯು ಒಂದೇ ಅಂಕವನ್ನು ಮುಂಚಿತವಾಗಿ ಪ್ರಕಟಿಸಲಿ. ಇನ್ನು, ಚೆನ್ನಾಗಿ ಆಡಬಲ್ಲವರಾಗಿದ್ದೂ ಹ್ಯಾಂಡಿಕ್ಯಾಪನ್ನು ಉಬ್ಬಿಸಿ ಹೇಳುವ ಮಹನೀಯರು ಎಲ್ಲ ಕಡೆ ಇದ್ದಾರೆ. ಭರ್ಜರಿ ವ್ಯಾಪಾರ ಮಾಡಿ ವಹಿವಾಟನ್ನು ಕಡಿಮೆ ತೋರಿಸುವವರ ಬಂಧುಗಳು ಇವರು. ಸ್ಕ್ರ್ಯಾಂಬಲ್‌ನಲ್ಲಿ ಒಬ್ಬನ ಅಂಕದ ಕಾಲು ಭಾಗಕ್ಕಿಂತ ಹೆಚ್ಚು ಲೆಕ್ಕಕ್ಕೆ ಬಾರದಿರುವುದರಿಂದ ಅವರ ಜಾಣತನಕ್ಕೆ ಲಾಭ ಕಡಿಮೆ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಅದು ಸಮಯದ್ದು. 18 ಹೋಲ್‌ಗಳ ಕೂಟವೆಂದರೆ ಬೆಳಗ್ಗೆ ಹೊರಟವನು ಮನೆಗೆ ಮರಳುವುದು ಮಧ್ಯಾಹ್ನದ ಊಟದ ನಂತರವೇ. ವ್ಯವಸ್ಥಾಪಕರ ಪಡೆಯಿರುವ ದೊಡ್ಡ ಉದ್ದಿಮೆಗೆ ಅದು ಹೊರೆಯಲ್ಲ. ಬೀಗದ ಕೈ ಮಾಲೀಕನ ಜೇಬಿನಲ್ಲೇ ಇರುವ ಅಂಗಡಿ, ಮೊದಲ ಪಾಳಿಗೆ ಕಚ್ಚಾಮಾಲು ಅಳೆದು ಕೊಡಬೇಕಾದ ವರ್ಕ್‌ಶಾಪು ಒಂದು ದಿನ ನಿಂತರೆ ಅದರ ನಷ್ಟ ಪ್ರವೇಶ ಶುಲ್ಕಕ್ಕಿಂತ ದೊಡ್ಡದು. ಭಾನುವಾರ ಇಟ್ಟುಕೊಳ್ಳೋಣವೆಂದರೆ ಕ್ಲಬ್ಬುಗಳಲ್ಲಿ ಅಂದು ಸ್ವಂತ ಸದಸ್ಯರದೇ ದಟ್ಟಣೆ. ಆದುದರಿಂದ ವಾರದ ನಡುವೆ, 9 ಹೋಲ್‌ಗಳ ಆಟ ಸಾಕು. ಎಲ್ಲ ತಂಡಗಳೂ ಬೇರೆ ಬೇರೆ ಹೋಲ್‌ಗಳಿಂದ ಏಕಕಾಲಕ್ಕೆ ಆರಂಭಿಸುವ ಶಾಟ್‌ಗನ್ ಕ್ರಮದಲ್ಲಿ 6.45ಕ್ಕೆ ಆರಂಭಿಸಿದರೆ 9.15ರ ಸುಮಾರಿಗೆ ಎಲ್ಲರೂ ಒಟ್ಟಿಗೆ ಮುಗಿಸುತ್ತಾರೆ. ಹತ್ತು ತಂಡಗಳನ್ನು ಒಂದೇ ಟೀಯಿಂದ ಹತ್ತು ಹತ್ತು ನಿಮಿಷಕ್ಕೆ ಬಿಟ್ಟರೆ ಕೊನೆಯದು ಹೊರಡುವುದೇ ಒಂದೂವರೆ ಗಂಟೆ ತಡವಾಗಿ. ಮೊದಲನೆಯವರು ಅಷ್ಟರೊಳಗೆ ಇಡ್ಲಿ ಮುಗಿಸಿ ಹೊರಟಿರುತ್ತಾರೆ. ನಲವತ್ತು ಸದಸ್ಯರೆಂದರೆ ಹತ್ತು ತಂಡ, ಒಂಬತ್ತು ಹೋಲ್. ಹೆಚ್ಚಿನ ಒಂದನ್ನು ಉದ್ದದ ಹೋಲ್‌ನಲ್ಲಿ ಮತ್ತೊಂದು ತಂಡದ ಹಿಂದೆ ನಿಲ್ಲಿಸಬಹುದು. ಗಿಡ್ಡ ಹೋಲ್‌ನಲ್ಲಿ ಮಾತ್ರ ಕೂಡದು, ಅಲ್ಲಿ ಸಾಲು ಬೆಳೆಯುತ್ತದೆ. ಹತ್ತೂವರೆಗೆ ಅಂಗಡಿಯ ಷಟರ್ ಎತ್ತಬಹುದು. ಮಂಡಿ ವರ್ತಕರಿಗೆ ಬೆಳಗಿನ ಹೊತ್ತೇ ವಹಿವಾಟಿನ ಕಾಲವಾದ್ದರಿಂದ ಇದೂ ಒಗ್ಗದು. ಅವರಿಗಾಗಿ ವರ್ಷದಲ್ಲಿ ಒಂದು ಸಂಜೆಯ ಕೂಟ ಬೇಕಾದೀತು. ದಿನಾಂಕ ಗೊತ್ತುಮಾಡುವಾಗ ತಿಂಗಳ 11 ಮತ್ತು 20ನೇ ತಾರೀಖುಗಳ ಹತ್ತಿರ ಸುಳಿಯಬೇಡಿ. ಜಿಎಸ್‌ಟಿ ವಿವರಪಟ್ಟಿ ಸಲ್ಲಿಸುವ ಗಡಿಬಿಡಿಯಲ್ಲಿ ಯಾರಿಗೂ ಚೆಂಡು ಕಾಣಿಸುವುದಿಲ್ಲ. ತೆರಿಗೆಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ: ಕ್ಲಬ್ ಸದಸ್ಯತ್ವ ಶುಲ್ಕದ ಮೇಲೆ ಹೂಡುವಳಿ ತೆರಿಗೆ ಜಮೆಯನ್ನು ಕಾಯಿದೆಯ 17(5)ನೇ ಕಲಂ ನಿರ್ಬಂಧಿಸಿದೆ. ಇದನ್ನು ತಿಳಿಯದೆ ಜಮೆ ಪಡೆದು ನೋಟೀಸು ತರಿಸಿಕೊಳ್ಳುವುದು ಬೇಡ.

ಬಹುಮಾನಗಳ ವಿಷಯದಲ್ಲೂ ನಮ್ಮ ಕಲ್ಪನೆ ಬಡವಾಗಿದೆ. ‘ಅತಿ ದೂರದ ಹೊಡೆತ’ಕ್ಕೆ ಬಹುಮಾನವಿಟ್ಟರೆ ಗೆಲ್ಲುವವರಾರೆಂದು ಪ್ರವೇಶ ಪತ್ರ ತುಂಬುವಾಗಲೇ ಗೊತ್ತಿರುತ್ತದೆ. ಅದರ ಬದಲು ಫೇರ್‌ವೇಯ ನಡುವೆ ಹಗ್ಗ ಎಳೆದು, ಅದಕ್ಕೆ ಅತ್ಯಂತ ಸಮೀಪ ನಿಂತ ಚೆಂಡಿಗೆ ಬಹುಮಾನ ಕೊಡಿ. ನೂರು ಗಜ ಹೊಡೆಯುವವನೂ ಗೆಲ್ಲಬಹುದು. ಆಡದೆ ಬರುವ ಸದಸ್ಯರಿಗೂ ಕುಟುಂಬದವರಿಗೂ ಅಭ್ಯಾಸದ ಗ್ರೀನ್‌ನಲ್ಲಿ ಪಟ್ ಸ್ಪರ್ಧೆ ಇರಲಿ. ಮಹಿಳಾ ಉದ್ಯಮಿಗಳು ನಮ್ಮ ಸಂಸ್ಥೆಯಲ್ಲಿ ಹೆಚ್ಚುತ್ತಿದ್ದಾರೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ 2021ರಲ್ಲಿ ನಾಲ್ಕನೆಯ ಸ್ಥಾನ ಗಳಿಸಿದ ಅದಿತಿ ಅಶೋಕ್ ಬೆಂಗಳೂರಿನವರೇ. ಮುಂದಿನ ಟೀಯಿಂದ ಆಡುವ ಅವಕಾಶವನ್ನು ಮಹಿಳೆಯರಿಗೆಂದು ಮಾತ್ರ ಮೀಸಲಿಡದೆ ಹೊಸಬರಿಗೂ ಅರವತ್ತು ದಾಟಿದವರಿಗೂ ಕೊಟ್ಟರೆ ಯಾರಿಗೂ ಮುಜುಗರವಾಗದು. ಬಾಜಿಯನ್ನು ಮಾತ್ರ ಸಂಪೂರ್ಣ ನಿಷೇಧಿಸಬೇಕು. ಹೋಲಿಗೆ ಇಷ್ಟು ರೂಪಾಯಿಯೆಂದು ಆಡಿ ಸೋತ ಸರಬರಾಜುದಾರ ಮತ್ತು ಗೆದ್ದ ಗಿರಾಕಿಯ ನಡುವೆ ಸೌಹಾರ್ದ ಉಳಿಯುವುದಿಲ್ಲ. ಬೇಕೆಂದೇ ಸೋಲುವ ಪ್ರಸಂಗ ಬಂದರಂತೂ ಅದಕ್ಕೆ ಬೇರೆಯೇ ಹೆಸರಿದೆ.

ಕ್ಯಾಡಿಗಳ ಬಗೆಗೆ ಒಂದು ಮಾತು. ಹೊಸಬನಿಗೆ ಅಂಗಳದಲ್ಲಿ ನಿಜವಾದ ಗುರು ಅವನೇ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿ ಆರಂಭಿಸಿದವರೆಂಬುದನ್ನು ನೆನೆಯಬಹುದು. 9 ಹೋಲ್‌ಗಳ ಕೂಟವೆಂದು ಅವರ ಕೂಲಿಯನ್ನು ಅರ್ಧ ಮಾಡದೆ ಪೂರ್ಣ ದಿನದ್ದನ್ನೇ ಕೊಡುವ ಬಾಬತ್ತನ್ನು ಆಯವ್ಯಯದಲ್ಲಿ ಮೊದಲೇ ಸೇರಿಸಬೇಕು.

ಗಾಲ್ಫ್ ಶ್ರೀಮಂತರ ಆಟ, ಚಂದಾ ಹಣವನ್ನು ಅದಕ್ಕೆ ವ್ಯಯಿಸುವುದೇ ತಪ್ಪು ಎನ್ನುವ ಸದಸ್ಯರಿದ್ದಾರೆ. ಅವರ ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಸ್ಥಾಪನೆಯಾದ ಕಾಲದಿಂದಲೂ ಈ ಆಟಕ್ಕೆ ಬೇಲಿಯೊಳಗಿನದೆಂಬ ಹೆಸರು ಅಂಟಿಕೊಂಡೇ ಬಂದಿದೆ. ಆದರೆ ಖರೀದಿದಾರರೂ ಬ್ಯಾಂಕಿನವರೂ ಸಲಿಗೆಯಿಂದ ಬೆರೆಯುವ ಜಾಗ ಅದಾಗಿರುವವರೆಗೆ, ನಮ್ಮ ಸಣ್ಣ ಸದಸ್ಯನು ಬೇಲಿಯ ಹೊರಗೇ ಉಳಿಯಲೆಂದು ಬಿಡುವುದು ಅವನ ಪರವಾದ ನಿಲುವಾಗದು.

ಕಾರ್ಯಕಾರಿ ಸಮಿತಿಯ ಮುಂದೆ ನನ್ನ ಕೋರಿಕೆ ಇಷ್ಟು: ಈ ವರ್ಷದ ಕೂಟವನ್ನು 9 ಹೋಲ್‌ಗಳ ಸ್ಕ್ರ್ಯಾಂಬಲ್ ಆಗಿ ನಡೆಸಿ, ಹತ್ತು ತಂಡಗಳಲ್ಲೂ ಒಂದೊಂದು ಸ್ಥಾನವನ್ನು ಹಿಂದೆಂದೂ ಕೂಟಕ್ಕೆ ಬಾರದ ಸದಸ್ಯರಿಗೆ ಮೀಸಲಿಡಬೇಕು. ಟೀ ಹೊಡೆತದ ನಿಯಮವು ಉಳಿದವರಿಗೆ ತಲಾ 1, ಆ ಹೊಸಬನಿಗೆ 2 ಎಂದಿರಲಿ. ನಾಲ್ಕು ಹೋಲ್‌ಗಳು ತಂಡದ ಇಷ್ಟಕ್ಕೆ ಉಳಿಯುತ್ತವೆ. ಕೂಟಕ್ಕೆ ಎರಡು ವಾರ ಮುಂಚೆ ಆ ಹತ್ತು ಮಂದಿಗೆ ಅಭ್ಯಾಸದ ಮೈದಾನದಲ್ಲಿ ಎರಡು ಸಂಜೆಯ ತರಬೇತಿ ಕೊಡಿಸುವ ವೆಚ್ಚವನ್ನು, ಟ್ರೋಫಿಗಳ ಗಾತ್ರವನ್ನು ಸ್ವಲ್ಪ ಕಿರಿದು ಮಾಡಿದರೆ, ಹೊಂದಿಸಬಹುದು. ಕೋಲುಗಳಿಲ್ಲದವರಿಗೆ ನನ್ನದೊಂದು ಹಳೆಯ ಸೆಟ್ ಎರವಲಿಗೆ ಸಿದ್ಧವಿದೆ.